ಬ್ಯಾಡ್ಜ್ ಮೇಲೆ ಹುದ್ದೆ ಕಾಣಲಿ

ಮಾನ್ಯರೇ,

ಕಳೆದ ತಿಂಗಳು ಅಮ್ಮನಿಗೆ ಹೃದಯದ ಆಪರೇಷನ್ ಆಯಿತು. ದಿನಾ ಎರಡು ಸಲ ಬಂದು, ಗಾಯ ನೋಡಿ, ನಮ್ಮ ಪ್ರಶ್ನೆಗಳಿಗೆಲ್ಲ ತಾಳ್ಮೆಯಿಂದ ಉತ್ತರ ಕೊಡುತ್ತಿದ್ದ ಹೆಣ್ಣುಮಗಳನ್ನು ನಾವು ‘ಡಾಕ್ಟ್ರೇ’ ಎಂದೇ ಕರೆಯುತ್ತಿದ್ದೆವು. ಅವರು ಡಾಕ್ಟರ್ ಅಲ್ಲ, ಡಾಕ್ಟರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುವ ಫಿಸಿಶಿಯನ್ ಅಸಿಸ್ಟೆಂಟ್ ಎಂದು ಗೊತ್ತಾದದ್ದು ಡಿಸ್ಚಾರ್ಜ್ ದಿನ. ಅವರ ಕೆಲಸದ ಬಗ್ಗೆ ದೂರಿಲ್ಲ. ಅಮ್ಮನ ಪಕ್ಕ ಅಷ್ಟು ಹೊತ್ತು ನಿಂತವರು ಬೇರೆ ಯಾರೂ ಇಲ್ಲ. ಆದರೆ ನಮಗೆ ಮೊದಲೇ ತಿಳಿಸಬೇಕಿತ್ತು, ಅಲ್ವಾ?

ನಮ್ಮ ದೇಶದಲ್ಲಿ ಫಿಸಿಶಿಯನ್ ಅಸಿಸ್ಟೆಂಟ್ ಕೋರ್ಸ್ 1992ರಲ್ಲಿ ಚೆನ್ನೈನಲ್ಲಿ ಶುರುವಾಯಿತು. ಇವರ ವೃತ್ತಿಯನ್ನು ಗುರುತಿಸಿ, ರಾಜ್ಯಗಳಲ್ಲಿ ಕೌನ್ಸಿಲ್ ರಚಿಸಿ ನೋಂದಣಿ ಮಾಡಬೇಕೆಂದು ಕೇಂದ್ರದ ಕಾಯ್ದೆ ಬಂದದ್ದು 2021ರಲ್ಲಿ. ಇಷ್ಟು ತಡವಾದದ್ದೇ ಬೇಸರದ ಸಂಗತಿ.

ಸುಮ್ನೆ ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು. ಮೇಲ್ವಿಚಾರಣೆ ಮಾಡುವ ಡಾಕ್ಟರ್ ಅದೇ ಕಟ್ಟಡದಲ್ಲಿ ಇರಬೇಕೇ, ಫೋನಿನಲ್ಲಿ ಸಿಕ್ಕರೆ ಸಾಕೇ? ಒಬ್ಬ ಡಾಕ್ಟರ ಕೈಕೆಳಗೆ ಎಷ್ಟು ಜನ ಇರಬಹುದು? ರಾತ್ರಿ ಪಾಳಿಯಲ್ಲಿ ಈ ಪ್ರಶ್ನೆಗಳು ಜಾಸ್ತಿ ಕಾಡುತ್ತವೆ. ಅಮೆರಿಕದಲ್ಲಿ ಇಂಥವನ್ನು ಆಯಾ ರಾಜ್ಯದ ಕಾನೂನೇ ತೀರ್ಮಾನಿಸುತ್ತದೆ. ನಮ್ಮ ರಾಜ್ಯವೂ ಸ್ಪಷ್ಟವಾಗಿ ಬರೆದಿಡಲಿ. ಬ್ಯಾಡ್ಜ್ ಮೇಲೆ ಹುದ್ದೆ ಕನ್ನಡದಲ್ಲಿ ದೊಡ್ಡದಾಗಿ ಇರಲಿ. ಕೇಸ್‌ಶೀಟಿನಲ್ಲಿ ಹೊಣೆ ಹೊತ್ತ ಡಾಕ್ಟರ ಹೆಸರಿರಲಿ.

– ಓದುಗ, ಮೈಸೂರು