ಕ್ರಯಪತ್ರದಲ್ಲಿ ತಪ್ಪಾದ ಚಕ್ಕುಬಂದಿ ಮತ್ತು ನಮ್ಮ ಕೈಗೆ ಸಿಗದ ಲಾಗಿನ್ ಕುರಿತು ದೂರು

ದಿನಾಂಕ: 12 ಜನವರಿ 2026
ತುಮಕೂರು

ಇವರಿಗೆ,
ಶಾಖಾ ವ್ಯವಸ್ಥಾಪಕರು,
ಆಸ್ತಿ ನೋಂದಣಿ ಸೇವಾ ವಿಭಾಗ

ವಿಷಯ: ಇ-ಖಾತೆ ಮತ್ತು ಶುದ್ಧ ಕ್ರಯಪತ್ರದಲ್ಲಿನ ತಪ್ಪನ್ನು ನಿಮ್ಮ ಖರ್ಚಿನಲ್ಲಿ ಸರಿಪಡಿಸಿಕೊಡುವ ಬಗ್ಗೆ

ಮಾನ್ಯರೇ,

ಕಳೆದ ನವೆಂಬರ್ 19ರಂದು ನೋಂದಣಿಯಾದ ನನ್ನ ಕ್ರಯಪತ್ರದ ಷೆಡ್ಯೂಲಿನಲ್ಲಿ, ಅಂದರೆ ಆಸ್ತಿಯ ವಿವರ ಇರುವ ಭಾಗದಲ್ಲಿ, ನಿವೇಶನದ ಚಕ್ಕುಬಂದಿ (ನಾಲ್ಕು ದಿಕ್ಕಿನ ಮೇರೆಗಳು) ತಪ್ಪಾಗಿದೆ. ರಸ್ತೆ ಪಶ್ಚಿಮಕ್ಕಿದೆ, 61ನೇ ನಿವೇಶನ ಪೂರ್ವಕ್ಕಿದೆ ಎಂದು ಬರೆದಿದೆ. ಸ್ಥಳದಲ್ಲಿ ಇರುವುದು ಇದರ ತಿರುಗುಮುರುಗು. ಪಾಲಿಕೆಯ ಆಸ್ತಿ ದಾಖಲೆಯಾದ ಇ-ಖಾತೆಯ ಅರ್ಜಿಯಿಂದ ಹಿಡಿದು ಕ್ರಯಪತ್ರದ ಕರಡಿನವರೆಗೆ ಎಲ್ಲವನ್ನೂ ತಯಾರಿಸಿದ್ದು ನಿಮ್ಮ ಖಾಸಗಿ ಸಂಸ್ಥೆ. ಅದಕ್ಕೆಂದು ನನ್ನಿಂದ 14,500 ರೂಪಾಯಿ ಪಡೆದಿದ್ದೀರಿ, ರಸೀದಿ ನನ್ನ ಬಳಿ ಇದೆ.

ತಪ್ಪನ್ನು ಕಂಡುಹಿಡಿದವರು ನನ್ನ ತಂದೆ. ಅವರಿಗೀಗ 78 ವರ್ಷ. ನೋಂದಣಿ ಮುಗಿಸಿ ಮನೆಗೆ ಬಂದ ಸಂಜೆ ಪತ್ರವನ್ನು ಅವರ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು, ಮೊದಲ ಪುಟ ಬಿಟ್ಟು ನೇರವಾಗಿ ಷೆಡ್ಯೂಲಿಗೆ ಹೋದರು. ಬೆರಳಿಟ್ಟು ಒಂದೊಂದೇ ಸಾಲು ಓದಿ, “ಪಡುವಲಿಗೆ ರಸ್ತೆ ಎಲ್ಲಿದೆಯಮ್ಮಾ?” ಎಂದು ಕೇಳಿದರು. ನನಗೆ ಕೈಕಾಲು ತಣ್ಣಗಾಯಿತು.

ನನ್ನ ತಂದೆ ಉಪನೋಂದಣಾಧಿಕಾರಿ ಕಚೇರಿಯ ಎದುರಿನ ಜಗಲಿಯಲ್ಲಿ ಕುಳಿತು ಮೂವತ್ತು ವರ್ಷ ಪತ್ರ ಬರೆದವರು. ಬರೆದು ಮುಗಿಸಿದ ಮೇಲೆ ಎರಡೂ ಕಡೆಯವರನ್ನು ಎದುರಿಗೆ ಕೂರಿಸಿಕೊಂಡು ಪೂರ್ತಿ ಓದಿ ಹೇಳದೆ ಯಾರಿಂದಲೂ ರುಜು ಹಾಕಿಸುತ್ತಿರಲಿಲ್ಲ. ಚಕ್ಕುಬಂದಿಯ ಜಾಗ ಬಂದಾಗ ಅವರು ಓದುತ್ತಲೇ ಇರಲಿಲ್ಲ. “ಮೂಡಲಿಗೆ ಏನಿದೆ, ನೀವೇ ಹೇಳಿ” ಎಂದು ಮಾರುವವರನ್ನು ಕೇಳುತ್ತಿದ್ದರು. ಅವರ ಬಾಯಿಂದ ಬಂದ ಮಾತು ಕಾಗದದಲ್ಲಿ ಇದ್ದದ್ದಕ್ಕೆ ತಾಳೆಯಾದರೆ ಮಾತ್ರ ಮುಂದಿನ ದಿಕ್ಕು. ಅಕ್ಷರ ಬಾರದ ರೈತನೂ ತನ್ನ ಹೊಲದ ನಾಲ್ಕು ಮೇರೆಗಳನ್ನು ತಪ್ಪಿಲ್ಲದೆ ಹೇಳುತ್ತಿದ್ದ. “ಓದಿಸಿ ಕೇಳಿ ಸರಿಯೆಂದು ಒಪ್ಪಿ” ಎಂಬ ಕೊನೆಯ ಸಾಲಿಗೆ ಆಗ ಅರ್ಥವಿತ್ತು.

ನೀವು ನನಗೆ ಓದಿ ಹೇಳಿದ್ದೇನು? ನೋಂದಣಿಯ ಹಿಂದಿನ ರಾತ್ರಿ 9.40ಕ್ಕೆ ವಾಟ್ಸ್ಆ್ಯಪ್‌ನಲ್ಲಿ ಇಂಗ್ಲಿಷಿನ ಒಂದು ಪಿಡಿಎಫ್ ಬಂತು. ಅದರಲ್ಲಿ ಹೆಸರು, ವಿಳಾಸ, ಮೊತ್ತ ಇದ್ದವು. ಷೆಡ್ಯೂಲಿನ ಜಾಗದಲ್ಲಿ “ಇ-ಖಾತೆಯಲ್ಲಿರುವಂತೆ” ಎಂದಷ್ಟೇ ಇತ್ತು. ಚಕ್ಕುಬಂದಿ ಎಲ್ಲಿ ಎಂದು ಕೇಳಿದ್ದಕ್ಕೆ ನಿಮ್ಮ ಸಿಬ್ಬಂದಿ, ಅದು ತಾನಾಗಿಯೇ ಬರುತ್ತದೆ, ನೋಡುವ ಅಗತ್ಯವಿಲ್ಲ, ತಡ ಮಾಡಿದರೆ ನಾಳೆಯ ಸಮಯ ಕೈತಪ್ಪುತ್ತದೆ ಎಂದು ಉತ್ತರಿಸಿದರು. ಆ ಸಂದೇಶಗಳ ಪ್ರತಿಯನ್ನು ಇದರೊಂದಿಗೆ ಲಗತ್ತಿಸಿದ್ದೇನೆ. “ನೀವು ಒಪ್ಪಿಗೆ ಕೊಟ್ಟಿದ್ದೀರಿ” ಎಂದು ಡಿಸೆಂಬರ್‌ನಲ್ಲಿ ನಿಮ್ಮ ಕಚೇರಿಯಿಂದ ಹೇಳಿದ್ದನ್ನು ನಾನು ಒಪ್ಪುವುದಿಲ್ಲ. ನೋಡದ ಪುಟಕ್ಕೆ ಯಾರೂ ಒಪ್ಪಿಗೆ ಕೊಡಲಾರರು.

ಅದು ತಾನಾಗಿಯೇ ಬರುತ್ತದೆ ಎಂಬುದೇನೋ ನಿಜ. ಇ-ಖಾತೆಯಲ್ಲಿ ಇದ್ದದ್ದು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶಕ್ಕೆ ಬರುತ್ತದೆ, ಅಲ್ಲಿಂದ ಪತ್ರಕ್ಕೆ ಇಳಿಯುತ್ತದೆ. ಆದ್ದರಿಂದಲೇ ಮೊದಲು ತುಂಬುವವರ ಹೊಣೆ ದೊಡ್ಡದು. ಹಳೆಯ ಕ್ರಯಪತ್ರದಲ್ಲಿ ಪೂರ್ವಕ್ಕೆ ರಸ್ತೆ ಎಂದು ಸ್ಪಷ್ಟವಾಗಿದೆ. ಅದನ್ನು ನೋಡಿಕೊಂಡು ಇ-ಖಾತೆಯ ಅರ್ಜಿ ತುಂಬಿದವರು ನಿಮ್ಮವರೇ. ಅಲ್ಲಿ ಅದಲುಬದಲಾದ ಎರಡು ದಿಕ್ಕುಗಳು ಪಾಲಿಕೆಯ ದಾಖಲೆ, ಕ್ರಯಪತ್ರ ಎರಡರಲ್ಲೂ ಈಗ ಕೂತಿವೆ.

ಆನ್‌ಲೈನ್ ವ್ಯವಸ್ಥೆಯ ಮೇಲೆ ನನಗೆ ದೂರಿಲ್ಲ. ತೆಲಗಿಯ ನಕಲಿ ಛಾಪಾ ಕಾಗದದ ಹಗರಣ ಕಂಡ ರಾಜ್ಯ ನಮ್ಮದು. ಮುದ್ರಾಂಕ ಶುಲ್ಕವನ್ನು ನೇರವಾಗಿ ಖಜಾನೆಗೆ ಕಟ್ಟುವುದು, ಋಣಭಾರ ಪ್ರಮಾಣಪತ್ರವನ್ನು ಮನೆಯಲ್ಲೇ ಕುಳಿತು ತೆಗೆದುಕೊಳ್ಳುವುದು ಎಷ್ಟು ದೊಡ್ಡ ಅನುಕೂಲ ಎಂದು ನನ್ನ ತಂದೆಯೇ ಹೇಳುತ್ತಾರೆ. ಆದರೆ ಆ ಅನುಕೂಲ ನನಗೆ ಸಿಕ್ಕಿಲ್ಲ. ಕಾವೇರಿಯಲ್ಲಿ ನನ್ನ ಹೆಸರಿನ ಲಾಗಿನ್ ಅನ್ನು ನಿಮ್ಮ ನೌಕರರೊಬ್ಬರ ಮೊಬೈಲ್ ಸಂಖ್ಯೆ ಮತ್ತು ಇಮೇಲ್ ಕೊಟ್ಟು ತೆರೆಯಲಾಗಿದೆ. ಅವರು ಈಗ ನಿಮ್ಮಲ್ಲಿ ಕೆಲಸದಲ್ಲಿಲ್ಲವಂತೆ. ನನ್ನ ಅರ್ಜಿ ನೋಡಬೇಕೆಂದರೆ ಒಟಿಪಿ ಎಲ್ಲೋ ಇರುವ ಆ ವ್ಯಕ್ತಿಯ ಫೋನಿಗೆ ಹೋಗುತ್ತದೆ. ಆರು ಬಾರಿ ಕರೆ ಮಾಡಿದರೂ ನಿಮ್ಮ ಕಚೇರಿಯಿಂದ ಬಂದ ಉತ್ತರ “ಸರ್ವರ್ ಸಮಸ್ಯೆ” ಎಂಬುದೊಂದೇ.

ಇದು ಬರಿಯ ಕಿರಿಕಿರಿಯ ಮಾತಲ್ಲ. ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆಯನ್ನು ಬಳಸಿ ಬ್ಯಾಂಕ್ ಖಾತೆಗಳಿಂದ ಹಣ ಕದ್ದ ಪ್ರಕರಣಗಳು 2023ರಲ್ಲಿ ನಮ್ಮ ರಾಜ್ಯದಲ್ಲೇ ಬೆಳಕಿಗೆ ಬಂದಿದ್ದವು. ನನ್ನ, ನನ್ನ ತಂದೆಯ ಮತ್ತು ನಿವೇಶನ ಮಾರಿದ ಅಜ್ಜಿಯ ಆಧಾರ್ ಪ್ರತಿಗಳು ಆ ನೌಕರರ ಸ್ವಂತ ಫೋನಿನಲ್ಲಿವೆ. ಆ ಅಜ್ಜಿಗೆ ನಿಮ್ಮ ಸಂಸ್ಥೆ ಯಾವುದೆಂದೂ ಗೊತ್ತಿಲ್ಲ. ನನ್ನನ್ನು ನಂಬಿ ಕೊಟ್ಟವರು ಅವರು.

ಆ ನಿವೇಶನದ ಬೆಲೆ 24 ಲಕ್ಷ ರೂಪಾಯಿ. ಶೇ 5ರ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಮತ್ತು ಸರ್ಚಾರ್ಜ್, ಕಳೆದ ಆಗಸ್ಟ್ 31ರಿಂದ ಶೇ 1ರಿಂದ 2ಕ್ಕೇರಿದ ನೋಂದಣಿ ಶುಲ್ಕ ಎಲ್ಲ ಸೇರಿ ಸರ್ಕಾರಕ್ಕೆ 1,82,400 ರೂಪಾಯಿ ಕಟ್ಟಿದ್ದೇನೆ. ಇಷ್ಟಾದರೂ ಮನೆ ಕಟ್ಟಲು ಸಾಲ ಕೊಡುವ ಬ್ಯಾಂಕಿನ ವಕೀಲರು ಪತ್ರ ನೋಡಿ ಕಡತ ವಾಪಸು ಕಳುಹಿಸಿದ್ದಾರೆ. ಹಿಂಬದಿಯ 61ನೇ ನಿವೇಶನದವರ ಪತ್ರಕ್ಕೂ ನನ್ನದಕ್ಕೂ ತಾಳೆಯಾಗುತ್ತಿಲ್ಲ. ತಳಪಾಯ ತೋಡಲು ಮುಂಗಡ ಪಡೆದ ಮೇಸ್ತ್ರಿ ಬೇರೆ ಕೆಲಸಕ್ಕೆ ಹೋಗಿದ್ದಾರೆ.

ತಿದ್ದುಪಡಿ ಪತ್ರ ಮಾಡಿಸಬೇಕಾದರೆ ಮಾರಿದವರೂ ಮತ್ತೆ ಬಂದು ರುಜು ಹಾಕಬೇಕು. ಅವರು ಬೆಳಗಾವಿಯಲ್ಲಿ ಮಗಳ ಮನೆಯಲ್ಲಿದ್ದಾರೆ, ಮಂಡಿನೋವು. ನವೆಂಬರ್‌ನಲ್ಲಿ ರಾತ್ರಿಯಿಡೀ ಬಸ್ಸಿನಲ್ಲಿ ಬಂದು, ಬೆಳಿಗ್ಗೆ ಕಚೇರಿಯ ಮೆಟ್ಟಿಲನ್ನು ಗೋಡೆ ಹಿಡಿದು ಹತ್ತಿದರು. ಹೆಬ್ಬೆರಳಿನ ಗೆರೆಗಳು ಸವೆದು ಯಂತ್ರಕ್ಕೆ ಸಿಗದೆ, ನಾಲ್ಕು ಸಲ ಬೆರಳನ್ನು ಸೆರಗಿನಲ್ಲಿ ಒರೆಸಿ ಒರೆಸಿ ಇಟ್ಟರು. ಮತ್ತೊಮ್ಮೆ ಬನ್ನಿ ಎಂದು ಅವರಿಗೆ ಹೇಳಲು ನನಗೆ ಬಾಯಿ ಬರುತ್ತಿಲ್ಲ.

ಹೇಳಲೇಬೇಕಾಗಿದೆ. ಆದ್ದರಿಂದ ಮೊದಲು ಇ-ಖಾತೆಯ ಚಕ್ಕುಬಂದಿಯನ್ನು, ಅದು ಸರಿಯಾದ ಮೇಲೆ ತಿದ್ದುಪಡಿ ಪತ್ರವನ್ನು, ಎರಡನ್ನೂ ನಿಮ್ಮ ಖರ್ಚಿನಲ್ಲಿ ಮಾಡಿಸಿಕೊಡಬೇಕು. ಆ ಅಜ್ಜಿ ಮತ್ತು ಅವರ ಮಗಳು ಕಾರಿನಲ್ಲಿ ಬಂದು ಹೋಗುವ ವೆಚ್ಚವನ್ನೂ ನೀವೇ ಭರಿಸಬೇಕು. ಲಾಗಿನ್ ನನ್ನ ಮೊಬೈಲ್ ಸಂಖ್ಯೆಗೆ ಬದಲಾಗಬೇಕು. ನಮ್ಮ ದಾಖಲೆಗಳು ಆ ಫೋನಿನಿಂದ ಅಳಿಸಿಹೋಗಿವೆ ಎಂದು ಸಂಸ್ಥೆಯ ಮೊಹರಿನೊಂದಿಗೆ ಬರೆದುಕೊಡಬೇಕು. ನೀವು ಪಡೆದ 14,500 ರೂಪಾಯಿ ಹಿಂದಿರುಗಿಸಬೇಕು. ಹೊಸ ಕರಡು ಕನ್ನಡದಲ್ಲಿರಲಿ, ಷೆಡ್ಯೂಲ್ ಸಹಿತವಾಗಿ ಮೂರು ದಿನ ಮುಂಚೆ ನಮ್ಮ ಕೈಗೆ ಬರಲಿ.

ಈ ಪತ್ರ ತಲುಪಿದ ಹದಿನೈದು ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಸೇವಾ ನ್ಯೂನತೆಯ ದೂರು ಸಲ್ಲಿಸುತ್ತೇನೆ. ಕಾಗದಪತ್ರಗಳನ್ನೆಲ್ಲ ತಂದೆಯವರು ಈಗಾಗಲೇ ಜೋಡಿಸಿ ದಾರ ಕಟ್ಟಿಟ್ಟಿದ್ದಾರೆ.

ತಿದ್ದುಪಡಿ ಪತ್ರಕ್ಕೆ ರುಜು ಬೀಳುವ ಮುನ್ನ ಅದನ್ನು ನನ್ನ ತಂದೆ ಎಲ್ಲರೆದುರು ಗಟ್ಟಿಯಾಗಿ ಓದುತ್ತಾರೆ. ಆ ದಿನ ನಿಮ್ಮ ಕಡೆಯಿಂದ ಹೊಣೆಯುಳ್ಳ ಒಬ್ಬರು ಅಲ್ಲಿ ಹಾಜರಿರಬೇಕು.

ಇಂತಿ,
ನಿವೇಶನದ ಖರೀದಿದಾರಳು

ಲಗತ್ತು: ರಸೀದಿ, ಹಳೆಯ ಮತ್ತು ಹೊಸ ಕ್ರಯಪತ್ರಗಳ ಪ್ರತಿ, ಇ-ಖಾತೆ, ವಾಟ್ಸ್ಆ್ಯಪ್ ಸಂದೇಶಗಳು, ಬ್ಯಾಂಕಿನ ವಕೀಲರ ಆಕ್ಷೇಪಣೆ