ಆ ಕೊನೆಯ ಸಾಲಿನ ಬಗ್ಗೆ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ವೆಟ್ ಪ್ಲೇಟ್ ಫೋಟೋ ತೆಗೆಯುವಾಗ, ಕೊಲೋಡಿಯನ್ ಎಂಬ ಅಂಟುದ್ರವ ಬಳಿದ ಹಸಿ ಗಾಜಿನ ಮೇಲೆ ಅಜ್ಜಿಯ ಮುಖ ಮೂಡಿದ್ದನ್ನು ಪತ್ರದಲ್ಲಿ ಎಷ್ಟು ಚೆನ್ನಾಗಿ ಬರೆದಿದ್ದೀಯ. ಆದರೆ ನನ್ನ ನಿದ್ದೆ ಕೆಡಿಸಿದ್ದು ಕೊನೆಯ ಸಾಲು: "ಹೈಪೋದಲ್ಲಿ ಆ ಹೊಳಪು ಬರ್ತಿಲ್ಲ, ಹಳಬರ ಹಾಗೆ ಸಯನೈಡ್‌ನಲ್ಲೇ ಫಿಕ್ಸ್ ಮಾಡ್ತೀನಿ, ಸ್ವಲ್ಪ ಭಯ ಅಷ್ಟೆ." ಮೂಡಿದ ಚಿತ್ರ ನಿಲ್ಲುವಂತೆ ಉಳಿದ ಬೆಳ್ಳಿಯ ಲವಣವನ್ನು ಕರಗಿಸಿ ತೆಗೆಯುವುದೇ ಫಿಕ್ಸ್ ಮಾಡುವುದು; ಅದಕ್ಕೆ ಹೈಪೋ ಎಂಬ ಉಪ್ಪೂ ಆಗುತ್ತದೆ, ಸಯನೈಡೂ ಆಗುತ್ತದೆ. ಸ್ವಲ್ಪವೇ ಭಯ ಅಂದೆಯಲ್ಲ, ನನ್ನನ್ನು ಕಾಡುತ್ತಿರುವುದು ಅದೇ.

ಚಿತ್ರ ಮೂಡಿಸುವ ನಿನ್ನ ಡೆವಲಪರ್‌ನಲ್ಲಿ ಫೆರಸ್ ಸಲ್ಫೇಟಿನ ಜೊತೆ ಅಸಿಟಿಕ್ ಆಸಿಡ್ ಇರುತ್ತದೆ. ಸರಿಯಾಗಿ ತೊಳೆಯದ ಪ್ಲೇಟು ಸಯನೈಡ್ ಟ್ರೇಗೆ ಇಳಿದರೆ ಏಳುವುದು ವಿಷದ ಗಾಳಿ. ಅದರ ವಾಸನೆ ಎಲ್ಲರ ಮೂಗಿಗೂ ಹತ್ತುವುದಿಲ್ಲ. ಕೊಲೋಡಿಯನ್ ಆರುವ ಮೊದಲೇ, ಹತ್ತು ಹದಿನೈದು ನಿಮಿಷದೊಳಗೆ ಎಲ್ಲ ಮುಗಿಸಬೇಕೆಂದು ಓಡಾಡುವ ಕೆಲಸ ಅದು. ಅಂಥ ಅವಸರದ ಕೈಗೆ ಸಯನೈಡು ಕೊಡಬಾರದು, ಅದೂ ಬಾಗಿಲು ಹಾಕಿಕೊಂಡ ಕೋಣೆಯಲ್ಲಿ ಒಬ್ಬಳೇ ಇರುವಾಗ.

ನನಗೆ ಡಾರ್ಕ್‌ರೂಮ್ ಕಲಿಸಿದವರ ಕೈ ನೆನಪಾಗುತ್ತದೆ. ಡೆವಲಪರಿನ ಮೆಟೋಲ್ ಎಂಬ ರಸಾಯನ ತಾಗಿ ತಾಗಿ ಬೆರಳೆಲ್ಲ ಬಿರಿದು, ಸಾರನ್ನ ಕಲಸಲೂ ಉರಿಯಾಗಿ ಚಮಚದಲ್ಲಿ ಉಣ್ಣುತ್ತಿದ್ದರು. ಅದು ಕಸುಬಿನ ಗುರುತು ಅಂದುಕೊಂಡಿದ್ದೆವು, ಹುಡುಗರು. ಯಾರೂ ಅವರನ್ನು ಡಾಕ್ಟರ ಹತ್ತಿರ ಕರೆದೊಯ್ಯಲಿಲ್ಲ. ಅವರು ಹೋದ ಮೇಲೂ ಆ ಕೈ ನನ್ನನ್ನು ಬಿಟ್ಟಿಲ್ಲ. ಅದು ಬರೀ ಚರ್ಮದ ಮಾತು. ನೀನು ಹೇಳುತ್ತಿರುವುದು ಉಸಿರಿನ ಮಾತು.

ಹಳಬರ ಹಾಗೆ ಅಂದೆ. ಬೆಳ್ಳಿಯ ಲವಣವನ್ನು ಹೈಪೋ ಕರಗಿಸುತ್ತದೆಂದು ಇಂಗ್ಲಿಷ್ ವಿಜ್ಞಾನಿ ಜಾನ್ ಹರ್ಷೆಲ್ ಕಂಡದ್ದು 1819ರಲ್ಲಿ. ಫ್ರೆಡರಿಕ್ ಸ್ಕಾಟ್ ಆರ್ಚರ್ ನಿನ್ನ ಈ ಕೊಲೋಡಿಯನ್ ವಿಧಾನ ಪ್ರಕಟಿಸಿದ್ದು 1851ರಲ್ಲಿ. ಪೇಟೆಂಟನ್ನೂ ಮಾಡಿಸದೆ ಎಲ್ಲರಿಗೂ ಬಿಟ್ಟುಕೊಟ್ಟ ಪುಣ್ಯಾತ್ಮ, 1857ರಲ್ಲಿ ಬಡತನದಲ್ಲೇ ತೀರಿಕೊಂಡ. ಹಳೆಯದೇ ಬೇಕೆಂದರೆ ಹೈಪೋ ಆತನ ವಿಧಾನಕ್ಕಿಂತ ಹಳೆಯದು, ಕಂದಾ.

ಹೊಳಪಿಗೆ ಏನು ಮಾಡಬೇಕೋ, ವೆಟ್ ಪ್ಲೇಟ್ ನಾನು ಮಾಡಿದವನಲ್ಲ. ಗಾಜಿನ ಹಿಂದೆ ಕಪ್ಪು ಮಖಮಲ್ಲು ಇಟ್ಟು ನೋಡಿದೆಯಾ? ಸಾಂಡರಾಕ್ ಎಂಬ ಮರದ ಅಂಟಿನ ವಾರ್ನಿಷ್ ಹಚ್ಚಿದ ಮೇಲೂ ನೋಟ ಬದಲಾದೀತು. ಇಲ್ಲವೇ ಶಾಂತಿನಿಕೇತನದ ಅರ್ಪಣ್ ಮುಖರ್ಜಿಯವರಂಥ, ಇದನ್ನೇ ಮಾಡುತ್ತ ಬಂದವರನ್ನು ಕೇಳು. ಬ್ರಿಟಿಷ್ ಫೋಟೋಗ್ರಾಫರ್ ಲಿನಿಯಸ್ ಟ್ರೈಪ್ 1854ರಲ್ಲಿ ಹಳೇಬೀಡನ್ನು ಕಾಗದದ ನೆಗೆಟಿವ್‌ನಲ್ಲೇ ಹಿಡಿದ, ಗಾಜೇ ಆಗಬೇಕೆಂದಿಲ್ಲ. ನಿನಗೆ ಇದೆಲ್ಲ ಗೊತ್ತಿರಬಹುದು, ಮುದುಕನ ಮಾತೆಂದು ಬೇಸರಿಸಬೇಡ.

ಗಾಜನ್ನು ಅದ್ದುವ ಸಿಲ್ವರ್ ನೈಟ್ರೇಟ್ ಮುಟ್ಟುವಾಗ ಕನ್ನಡಕ ಬೇಕೇ ಬೇಕು, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋದೀತು. ಕೊಲೋಡಿಯನ್ನಿನ ಈಥರ್ ಇರುವಲ್ಲಿ ದೀಪ, ಬೆಂಕಿ ಬೇಡ, ಅದರ ಆವಿ ನೆಲದಲ್ಲೇ ಹರಿಯುತ್ತದೆ. ಆದರೆ ನನ್ನ ಮನಸ್ಸು ಮತ್ತೆ ಆ ಸಯನೈಡಿಗೇ ಹೋಗುತ್ತದೆ. ಅದನ್ನು ತರಿಸಿಬಿಟ್ಟಿದ್ದೀಯಾ? ತರಿಸಿದ್ದರೆ ತೆರೆಯಬೇಡ, ಮೋರಿಗೂ ಸುರಿಯಬೇಡ. ಕೊಟ್ಟವರಿಗೇ ವಾಪಸು ಕೊಡು, ಒಪ್ಪದಿದ್ದರೆ ನನಗೆ ಫೋನ್ ಮಾಡು, ನಾನೇ ಬಂದು ಮಾತಾಡುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ