ಪ್ಯಾಡ್ ಬೀರುವಿನಲ್ಲಿ ಬೇಡ, ಶೌಚಾಲಯದಲ್ಲೇ ಇರಲಿ: ನಮ್ಮ ಹೈಸ್ಕೂಲಿನ ಹೆಣ್ಣುಮಕ್ಕಳಿಗಾಗಿ ದೇಣಿಗೆ ಮನವಿ

ಊರಿನ ಹಿರಿಯರಿಗೆ, ಹಳೆ ವಿದ್ಯಾರ್ಥಿಗಳಿಗೆ, ಅಕ್ಕ-ತಂಗಿಯರಿಗೆ, ಅಣ್ಣ-ತಮ್ಮಂದಿರಿಗೆ ನಮಸ್ಕಾರ.

ಶಿರಾ ತಾಲ್ಲೂಕಿನ ನಮ್ಮ ಸರ್ಕಾರಿ ಹೈಸ್ಕೂಲಿನಲ್ಲಿ ಈಗ 140 ಹೆಣ್ಣುಮಕ್ಕಳು ಓದುತ್ತಿದ್ದಾರೆ. ಅವರ ಶೌಚಾಲಯದ ಒಳಗೇ ಒಂದು ಪ್ಯಾಡ್ ಪೆಟ್ಟಿಗೆ ಇಡಬೇಕು. ಅದು ಯಾವತ್ತೂ ಖಾಲಿ ಆಗಬಾರದು. ಅದರಿಂದ ತೆಗೆದುಕೊಳ್ಳುವ ಹುಡುಗಿ ಯಾರನ್ನೂ ಕೇಳುವ ಹಾಗಿರಬಾರದು. ಹಳೆ ವಿದ್ಯಾರ್ಥಿಗಳ ಟ್ರಸ್ಟ್ ಈ ವರ್ಷ ಕೈಗೆತ್ತಿಕೊಂಡಿರುವ ಕೆಲಸ ಇದು. ಈ ವರ್ಷ 1,04,000 ರೂಪಾಯಿ ಬೇಕು. ಅದಕ್ಕಾಗಿ ನಿಮ್ಮ ಮುಂದೆ ಕೈಯೊಡ್ಡಿದ್ದೇವೆ.

ಪೋಷಕರ ಸಭೆಯಲ್ಲಿ ಈ ವಿಷಯ ಇಟ್ಟಾಗ ಮಾತು ಜೋರಾಗಿಯೇ ನಡೆಯಿತು. ಬೇಡ ಅಂದವರೂ ಇದ್ದರು. ಅವರಿಗೂ ಮಗಳು, ಮೊಮ್ಮಗಳು ಇದ್ದಾರೆ, ಕೆಟ್ಟದ್ದು ಬಯಸಿ ಹೇಳಿದ ಮಾತಲ್ಲ ಅದು. ಹಾಗಾಗಿ ಅವರು ಕೇಳಿದ್ದಕ್ಕೆಲ್ಲ ಇಲ್ಲಿ ಉತ್ತರ ಬರೆದು, ಆಮೇಲೆ ದುಡ್ಡಿನ ಲೆಕ್ಕ ಕೊಡುತ್ತೇವೆ.

"ಸರ್ಕಾರ ಕೊಡುತ್ತಲ್ಲ, ಮತ್ತೆ ನೀವ್ಯಾಕೆ?" ಇದು ಎಲ್ಲರಿಗಿಂತ ಮೊದಲು ಬಂದ ಪ್ರಶ್ನೆ. ನಿಜ, ಸರ್ಕಾರ ಕೊಡುತ್ತದೆ. ನಮ್ಮ ರಾಜ್ಯದಲ್ಲಿ 2013-14ರಲ್ಲೇ ಶುಚಿ ಯೋಜನೆ ಬಂತು. ಸರ್ಕಾರಿ ಶಾಲೆ, ಅನುದಾನಿತ ಶಾಲೆಯ 10ರಿಂದ 18 ವರ್ಷದ ಹೆಣ್ಣುಮಕ್ಕಳಿಗೆ ಪ್ಯಾಡ್ ಉಚಿತ. ಒಳ್ಳೆಯ ಯೋಜನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೋವಿಡ್ ಹೊತ್ತಿಗೆ ನಿಂತದ್ದು ಕೆಲವು ವರ್ಷ ಹಾಗೇ ಬಿದ್ದಿತ್ತು. 2024ರ ಆರಂಭದಲ್ಲಿ ಆರೋಗ್ಯ ಇಲಾಖೆ ಮತ್ತೆ ಶುರು ಮಾಡಿತು. ದಕ್ಷಿಣ ಕನ್ನಡ, ಚಾಮರಾಜನಗರ ಜಿಲ್ಲೆಗಳಲ್ಲಿ ಪ್ಯಾಡಿನ ಬದಲು, ತೊಳೆದು ಮತ್ತೆ ಬಳಸುವ ಮುಟ್ಟಿನ ಕಪ್ ಕೊಟ್ಟು ನೋಡುವ ಪ್ರಯೋಗವೂ ಆಯಿತು. ಯೋಜನೆ ನಿಂತಿದ್ದಾಗ ಎಂಟನೇ ಕ್ಲಾಸಿಗೆ ಸೇರಿದ ಹುಡುಗಿಯರು ಅದು ಮತ್ತೆ ಶುರುವಾಗುವ ಹೊತ್ತಿಗೆ ಹತ್ತಕ್ಕೆ ಬಂದಿದ್ದರು. ಸರಬರಾಜು ತಡವಾಯಿತು ಅಂತ ಮುಟ್ಟು ಕಾಯುತ್ತಾ ಕೂರಲ್ಲ ಅಲ್ವಾ?

ಇನ್ನೂ ಒಂದು ಮಾತಿದೆ. ನಮಗೆ ಇದೇ ಮುಖ್ಯ. ಸರ್ಕಾರದ ಪ್ಯಾಕೆಟ್ ಮನೆಗೆ ತೆಗೆದುಕೊಂಡು ಹೋಗುವುದಕ್ಕೆ. ಗಣಿತದ ಕ್ಲಾಸಿನ ಮಧ್ಯೆ ಮುಟ್ಟಾದವಳಿಗೆ ಏನು? ಈ ವಯಸ್ಸಿನಲ್ಲಿ ತಾರೀಖು ಸರಿಯಾಗಿ ಬರುವುದಿಲ್ಲ. ಒಂದು ತಿಂಗಳು ಇಪ್ಪತ್ತು ದಿನಕ್ಕೆ ಆದರೆ ಇನ್ನೊಂದು ತಿಂಗಳು ನಲವತ್ತು ದಿನ ಆಗುತ್ತದೆ. ಬ್ಯಾಗಿನಲ್ಲಿ ಇಟ್ಟುಕೊಂಡು ಬಾ ಅಂತ ಹೇಳುವುದು ಸುಲಭ.

ಈಗ ಶಾಲೆಯಲ್ಲಿ ಉಳಿದ ಪ್ಯಾಡುಗಳು ಆಫೀಸ್ ರೂಮಿನ ಕಬ್ಬಿಣದ ಬೀರುವಿನಲ್ಲಿವೆ. ಬೀಗದ ಕೈ ಹೆಡ್‌ಮಾಸ್ಟರ್ ಮೇಜಿನ ಡ್ರಾಯರಿನಲ್ಲಿ. ಬೇಕಾದವಳು ಮೊದಲು ಕ್ಲಾಸಿನಲ್ಲಿ ಎದ್ದು ನಿಂತು ಪರ್ಮಿಷನ್ ಕೇಳಬೇಕು. ಆಮೇಲೆ ಸ್ಟಾಫ್ ರೂಮಿನಲ್ಲಿ ಮೇಡಂ ಇದ್ದಾರಾ ನೋಡಬೇಕು. ಇರುವವರು ಇಬ್ಬರೇ ಮೇಡಂಗಳು. ತರಬೇತಿಗೋ ಸಮೀಕ್ಷೆಗೋ ಅವರು ಹೋದ ದಿನ, ನಾಲ್ಕು ಜನ ಮೇಷ್ಟ್ರು ಕೂತಿರುವ ರೂಮಿನ ಬಾಗಿಲಲ್ಲಿ ನಿಂತು ಹೇಳಬೇಕು. ಕೊಟ್ಟ ಮೇಲೆ ವಹಿಯಲ್ಲಿ ಹೆಸರು, ತರಗತಿ, ಸಹಿ. ಮೇಷ್ಟ್ರುಗಳ ತಪ್ಪು ಇದರಲ್ಲಿ ಏನೂ ಇಲ್ಲ, ಅವರು ಲೆಕ್ಕ ಕೊಡಲೇಬೇಕು. ಆದರೆ ಹದಿಮೂರು ವರ್ಷದ ಹುಡುಗಿ ಇಷ್ಟನ್ನೆಲ್ಲ ದಾಟಿ ಬರುವುದಿಲ್ಲ. ಮನೆಗೆ ಹೋಗುತ್ತಾಳೆ. ಇಲ್ಲದಿದ್ದರೆ ಜಾಗ ಬಿಟ್ಟು ಏಳದೆ ಕೂತಿರುತ್ತಾಳೆ.

ಶಾಲೆಯ ಮೇಡಂ ಒಬ್ಬರು ನಮಗೆ ಹೇಳಿದ್ದು ಇದು. ಮಾರ್ಚ್ ತಿಂಗಳ ಬಿಸಿಲು. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಸೊಂಟಕ್ಕೆ ಸ್ವೆಟರ್ ಕಟ್ಟಿಕೊಂಡಿದ್ದಳು. ಲಾಂಗ್ ಬೆಲ್ ಹೊಡೆದು ಎಲ್ಲರೂ ಹೋದ ಮೇಲೂ ಅವಳು ಕ್ಲಾಸಿನಲ್ಲೇ ಇದ್ದಳು. ಮೇಡಂ ಒಳಗೆ ಹೋಗಿ ನೋಡಿದರೆ, ನೋಟ್‌ಬುಕ್ಕಿನ ಹಾಳೆ ಹರಿದು, ಕುಡಿಯುವ ನೀರಿನ ಬಾಟಲಿಯಿಂದ ಒದ್ದೆ ಮಾಡಿಕೊಂಡು ಬೆಂಚು ಒರೆಸುತ್ತಿದ್ದಳು. ಮರುದಿನದಿಂದ ಮೂರು ದಿನ ಶಾಲೆಗೆ ಬರಲಿಲ್ಲ. ಬಂದ ಮೇಲೂ ಕೆಲವು ದಿನ ಆ ಬೆಂಚಿನಲ್ಲಿ ಕೂರಲಿಲ್ಲ. ಪರೀಕ್ಷೆ ಹತ್ತಿರ ಇದ್ದ ಸಮಯ ಅದು.

"ನಮ್ಮ ಕಾಲದಲ್ಲಿ ಬಟ್ಟೆ ಇರಲಿಲ್ವಾ?" ಅಂತ ಅಜ್ಜಿಯೊಬ್ಬರು ಕೇಳಿದರು. ಅವರು ಕೇಳಿದ್ದು ಸರಿ. ಚೆನ್ನಾಗಿ ಒಗೆದು, ಬಿಸಿಲಿನಲ್ಲಿ ಒಣಗಿಸಿದ ಹತ್ತಿ ಬಟ್ಟೆಗೆ ನಮ್ಮ ತಕರಾರಿಲ್ಲ. ಮನೆಯಲ್ಲಿ ಬಟ್ಟೆ ಬಳಸುವವರು ಬಳಸಲಿ. ಆದರೆ ಶಾಲೆಯಲ್ಲಿ ಅದನ್ನು ಬದಲಾಯಿಸಿದರೆ ಒಗೆಯುವುದೆಲ್ಲಿ, ಒಣಗಿಸುವುದೆಲ್ಲಿ? ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟು ಬಸ್ಸು ಹಿಡಿಯುವ ಮಗು ವಾಪಸ್ ಮನೆ ಸೇರುವಾಗ ಸಂಜೆ ಐದೂವರೆ. ಪ್ಯಾಡ್ ಆಗಲಿ ಬಟ್ಟೆ ಆಗಲಿ, ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಾಯಿಸಬೇಕು ಅಂತ ಡಾಕ್ಟರುಗಳು ಹೇಳುತ್ತಾರೆ. ಒಂಬತ್ತೂವರೆ ಗಂಟೆ ಒಂದರಲ್ಲೇ ಕಳೆದರೆ ಕಡಿತ, ಉರಿ, ಸೋಂಕು. ಎಷ್ಟೋ ಹುಡುಗಿಯರು ಶೌಚಾಲಯಕ್ಕೆ ಹೋಗುವುದು ತಪ್ಪಲಿ ಅಂತ ಆ ದಿನಗಳಲ್ಲಿ ನೀರನ್ನೇ ಕುಡಿಯುವುದಿಲ್ಲ. ನಮ್ಮ ಬಿಸಿಲು ಸೀಮೆಯಲ್ಲಿ ಅದು ಇನ್ನೂ ಅಪಾಯ.

"ಎಲ್ಲವನ್ನೂ ಬಿಟ್ಟಿ ಕೊಟ್ಟರೆ ಮಕ್ಕಳು ಹಾಳಾಗ್ತಾರೆ" ಅನ್ನುವ ಮಾತೂ ಬಂತು. ಇದು ನಮ್ಮೂರಿನದಷ್ಟೇ ಅಲ್ಲ. 2022ರ ಸೆಪ್ಟೆಂಬರಿನಲ್ಲಿ ಪಟ್ನಾದ ಒಂದು ಕಾರ್ಯಕ್ರಮದಲ್ಲಿ ಶಾಲಾ ಹುಡುಗಿಯೊಬ್ಬಳು, ಇಪ್ಪತ್ತು ಮೂವತ್ತು ರೂಪಾಯಿಯ ಪ್ಯಾಡನ್ನು ಸರ್ಕಾರ ಕೊಡಬಾರದಾ ಅಂತ ಕೇಳಿದಳು. ನಾಳೆ ಜೀನ್ಸ್ ಪ್ಯಾಂಟೂ ಕೇಳುತ್ತೀರಿ ಅಂತ ಹಿರಿಯ ಐಎಎಸ್ ಅಧಿಕಾರಿಯೊಬ್ಬರು ವೇದಿಕೆಯ ಮೇಲಿಂದಲೇ ಗದರಿದರು. ಅವರೂ ಹೆಣ್ಣುಮಗಳೇ. ದೇಶದ ತುಂಬಾ ಟೀಕೆ ಬಂದ ಮೇಲೆ ವಿಷಾದ ಹೇಳಿದರು. ಅದೇ ವರ್ಷ ಶಾಲೆಗಳಲ್ಲಿ ಉಚಿತ ಪ್ಯಾಡ್ ಕೋರಿ ಸುಪ್ರೀಂ ಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋಯಿತು. 2023ರ ಏಪ್ರಿಲ್‌ನಲ್ಲಿ ಕೋರ್ಟು, ದೇಶಕ್ಕೆಲ್ಲ ಒಂದೇ ರೀತಿಯ ನೀತಿ ಮಾಡಿ ಅಂತ ಕೇಂದ್ರಕ್ಕೆ ಹೇಳಿತು. ಪ್ಯಾಡಿನ ಮೇಲಿನ ಶೇ 12ರ ಜಿಎಸ್‌ಟಿಯನ್ನು 2018ರ ಜುಲೈನಲ್ಲಿ ತೆಗೆದದ್ದೂ ಜನ ಒಂದು ವರ್ಷ ಬಿಡದೆ ಕೇಳಿದ್ದಕ್ಕೇ. ಸ್ಕಾಟ್ಲೆಂಡಿನಲ್ಲಿ 2020ರಲ್ಲಿ ಕಾನೂನನ್ನೇ ಮಾಡಿದರು, ಅಲ್ಲಿ ಶಾಲೆಗಳಲ್ಲಿ ಇದು ಉಚಿತ.

ನಮ್ಮ ಮಕ್ಕಳಿಗೆ ಬಿಸಿಯೂಟ, ಹಾಲು, ಮೊಟ್ಟೆ, ಪಠ್ಯಪುಸ್ತಕ, ಯೂನಿಫಾರ್ಮು ಎಲ್ಲ ಉಚಿತವಾಗಿಯೇ ಸಿಗುತ್ತಿದೆ. ಅದರಿಂದ ಯಾವ ಮಗುವೂ ಹಾಳಾಗಲಿಲ್ಲ, ಶಾಲೆಗೆ ಬರುವವರು ಜಾಸ್ತಿ ಆದರು. ಪ್ಯಾಡನ್ನೂ ಅದೇ ಸಾಲಿನಲ್ಲಿ ನೋಡಿ ಅಂತ ಕೇಳಿಕೊಳ್ಳುತ್ತೇವೆ.

"ಶೌಚಾಲಯದಲ್ಲಿಟ್ಟರೆ ಮನೆಗೆ ಹೊತ್ತುಕೊಂಡು ಹೋಗ್ತಾರೆ." ಹೋಗಲಿ ಬಿಡಿ. ಜನೌಷಧಿ ಮಳಿಗೆಯಲ್ಲಿ ಒಂದು ಪ್ಯಾಡಿಗೆ ಒಂದು ರೂಪಾಯಿ. ಒಬ್ಬ ಹುಡುಗಿ ಎರಡು ಪ್ಯಾಡ್ ಬ್ಯಾಗಿಗೆ ಹಾಕಿಕೊಂಡು ಹೋದಳು ಅಂದರೆ ಅವಳ ಅಮ್ಮನಿಗೋ ಅಕ್ಕನಿಗೋ ಬೇಕಾಗಿದೆ ಅಂತ ಅರ್ಥ. ಪೆಟ್ಟಿಗೆಗೆ ಬೀಗ ಇರುವುದಿಲ್ಲ, ವಹಿ ಇರುವುದಿಲ್ಲ, ಯಾರು ತೆಗೆದುಕೊಂಡರು ಅಂತ ಯಾರೂ ಬರೆಯುವುದಿಲ್ಲ. ವಾರಕ್ಕೊಮ್ಮೆ ಎಷ್ಟು ಉಳಿದಿದೆ ಅಂತ ಎಣಿಸಿ ತುಂಬಿಸುತ್ತೇವೆ, ಅಷ್ಟೇ.

"ಗಂಡು ಹುಡುಗರು ಏನಂದುಕೊಳ್ಳುತ್ತಾರೆ?" ಅವರಿಗೂ ತಿಳಿಸಿ ಹೇಳುತ್ತೇವೆ. ವಿಜ್ಞಾನದ ಪುಸ್ತಕದಲ್ಲೇ ಪಾಠ ಇದೆ. ಪಾಠ ಮಾಡುವ ದಿನ ಪಿಎಚ್‌ಸಿಯ ಆರೋಗ್ಯ ಕಾರ್ಯಕರ್ತೆಯನ್ನು ಕರೆಸಿ, ಹುಡುಗ ಹುಡುಗಿಯರಿಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತಾಡಿಸುವ ಯೋಚನೆ ಇದೆ.

ಪದ್ಧತಿಯ ವಿಷಯವನ್ನು ಮುಟ್ಟದೆ ಬಿಟ್ಟರೆ ಈ ಮನವಿ ಪೂರ್ತಿ ಆಗುವುದಿಲ್ಲ. ನಮ್ಮ ತುಮಕೂರು, ಪಕ್ಕದ ಚಿತ್ರದುರ್ಗ ಜಿಲ್ಲೆಯ ಕೆಲವು ಹಟ್ಟಿಗಳಲ್ಲಿ ಮುಟ್ಟಾದವರು ಊರ ಹೊರಗೆ ಇರುವುದು ಇನ್ನೂ ಪೂರ್ತಿ ನಿಂತಿಲ್ಲ. ಹಾಗೆ ಬಲವಂತವಾಗಿ ಹೊರಗಿಡುವುದು 2017ರ ಮೌಢ್ಯ ನಿಷೇಧ ಕಾಯ್ದೆಯ ಪ್ರಕಾರ ಅಪರಾಧ. ನಾವು ಯಾರ ದೇವರನ್ನೂ ಯಾರ ನಂಬಿಕೆಯನ್ನೂ ಹೀಯಾಳಿಸಲು ಹೊರಟಿಲ್ಲ. ಶಾಲೆಯ ಗೇಟಿನ ಒಳಗೆ ಯಾವ ಹುಡುಗಿಯೂ ಹೊರಗಿನವಳಲ್ಲ ಅನ್ನುವುದನ್ನು ಮಾತ್ರ ಬಿಟ್ಟುಕೊಡುವುದಿಲ್ಲ. ಆ ನಾಲ್ಕು ದಿನವೂ ಅವಳು ಕ್ಲಾಸಿಗೆ ಬರಬೇಕು, ಮುಂದಿನ ಬೆಂಚಿನಲ್ಲಿ ಕೂರಬೇಕು.

ಇನ್ನು ಶೌಚಾಲಯದ ಸ್ಥಿತಿ. ಬರೀ ಪ್ಯಾಡ್ ಕೊಟ್ಟರೆ ಕೆಲಸ ಅರ್ಧ ಆದ ಹಾಗೆ. ಹುಡುಗಿಯರಿಗೆ ಇರುವುದು ಮೂರು ಶೌಚಾಲಯ. ಎರಡರ ಬಾಗಿಲಿಗೆ ಚಿಲಕ ಇಲ್ಲ. ಒಬ್ಬಳು ಒಳಗೆ ಹೋದರೆ ಗೆಳತಿ ಹೊರಗೆ ಬಾಗಿಲು ಹಿಡಿದು ನಿಲ್ಲುತ್ತಾಳೆ. ನಲ್ಲಿಗೆ ನೀರು ಬರುವುದು ಮೋಟಾರ್ ಹಾಕಿದಾಗ ಮಾತ್ರ, ಮೋಟಾರ್ ಹಾಕುವುದು ಕರೆಂಟ್ ಇದ್ದಾಗ ಮಾತ್ರ. ಮೇಲೆ ಒಂದು ಸಿಂಟೆಕ್ಸ್ ಟ್ಯಾಂಕ್ ಕೂರಿಸಿದರೆ ಇದು ಸರಿಹೋಗುತ್ತದೆ.

ತೊಳೆಯುವವರು ಯಾರು ಅನ್ನುವುದು ಇದಕ್ಕಿಂತ ದೊಡ್ಡ ಪ್ರಶ್ನೆ. ಮಕ್ಕಳ ಕೈಲಿ ಶೌಚಾಲಯ ತೊಳೆಸಿದ ಸುದ್ದಿ 2023ರ ಡಿಸೆಂಬರಿನಲ್ಲಿ ರಾಜ್ಯದಲ್ಲೆಲ್ಲ ಗಲಾಟೆ ಆದದ್ದು ನಿಮಗೆ ನೆನಪಿರಬಹುದು. ಅದು ಆಗಲೇಬಾರದು. ಅದಕ್ಕೇ ದಿನಕ್ಕೆ ಎರಡು ಸಲ ಬಂದು ತೊಳೆದು, ಬುಟ್ಟಿ ಖಾಲಿ ಮಾಡಿ, ಪೆಟ್ಟಿಗೆ ನೋಡಿಕೊಳ್ಳುವುದಕ್ಕೆ ಊರಿನ ಒಬ್ಬ ಹೆಣ್ಣುಮಗಳನ್ನು ಆಯಾ ಆಗಿ ಗೊತ್ತು ಮಾಡುತ್ತೇವೆ. ಕೈಗವಸು, ಬೂಟು, ಬ್ರಷ್ಷು ನಾವೇ ಕೊಡುತ್ತೇವೆ. ತಿಂಗಳಿಗೆ 3,000 ರೂಪಾಯಿ ಗೌರವಧನ. ಇದು ಕಡಿಮೆ ಅಂತ ನಮಗೂ ಅನಿಸುತ್ತದೆ. ದೇಣಿಗೆ ಜಾಸ್ತಿ ಬಂದರೆ ಮೊದಲು ಏರಿಸುವುದು ಇದನ್ನೇ.

ಕಸದ ಬಗ್ಗೆ ಕೇಳಿದವರಿಗೆ: ಪ್ಯಾಡಿನಲ್ಲಿ ಪ್ಲಾಸ್ಟಿಕ್ ಇರುತ್ತದೆ. ಬೇಗ ಕರಗುತ್ತದೆ ಅಂತ ಪ್ಯಾಕೆಟ್ಟಿನ ಮೇಲೆ ಬರೆದಿದ್ದರೂ ಶೌಚಾಲಯದ ಗುಂಡಿಗೆ ಹಾಕುವುದು ಬೇಡ, ಕಟ್ಟಿಕೊಳ್ಳುತ್ತದೆ. ಶಾಲೆಯ ಹಿಂದೆ ಸುಡುವುದೂ ಬೇಡ, ಆ ಹೊಗೆ ಮಕ್ಕಳ ಮೂಗಿಗೇ ಬರುತ್ತದೆ. ಪೆಟ್ಟಿಗೆಯ ಪಕ್ಕ ಹಳೆ ಪೇಪರಿನ ತುಂಡುಗಳನ್ನು ಇಡುತ್ತೇವೆ. ಬಳಸಿದ್ದನ್ನು ಅದರಲ್ಲಿ ಸುತ್ತಿ ಮುಚ್ಚಳದ ಬುಟ್ಟಿಗೆ ಹಾಕಬೇಕು. ಆಯಾ ಅದನ್ನು ಬೇರೆ ಚೀಲದಲ್ಲಿ ಕಟ್ಟಿ, ಕೆಂಪು ಗುರುತು ಹಾಕಿ ಪಂಚಾಯಿತಿಯ ಕಸದ ಗಾಡಿಗೆ ಕೊಡುತ್ತಾರೆ. ಗಾಡಿಯಲ್ಲಿ ಕೆಲಸ ಮಾಡುವವರೂ ಹೆಣ್ಣುಮಕ್ಕಳೇ, ಅವರು ಬರಿಗೈಯಲ್ಲಿ ಬಿಚ್ಚಿ ನೋಡುವ ಹಾಗೆ ಆಗಬಾರದು.

ಈಗ ಲೆಕ್ಕ. ಒಬ್ಬ ಹುಡುಗಿಗೆ ತಿಂಗಳಿಗೆ 10 ಪ್ಯಾಡ್ ಅಂದರೆ ವರ್ಷಕ್ಕೆ 120 ರೂಪಾಯಿ. 140 ಹುಡುಗಿಯರಿಗೆ 16,800. ಬಾಗಿಲು, ಚಿಲಕ, ನಲ್ಲಿ, ಟ್ಯಾಂಕು, ಪೈಪು, ಕೂಲಿ ಎಲ್ಲ ಸೇರಿ 42,000. ಆಯಾ ಗೌರವಧನ ಹನ್ನೆರಡು ತಿಂಗಳಿಗೆ 36,000. ಪೆಟ್ಟಿಗೆ, ಬುಟ್ಟಿ, ಬಕೆಟ್ಟು, ಸೋಪು, ಫಿನಾಯಿಲ್, ಕೈಗವಸಿಗೆ 9,200. ಒಟ್ಟು 1,04,000. ಟ್ಯಾಂಕು, ಬಾಗಿಲಿನ ಖರ್ಚು ಈ ವರ್ಷಕ್ಕೆ ಮಾತ್ರ. ಶುಚಿ ಪ್ಯಾಕೆಟ್‌ಗಳು ಸರಿಯಾಗಿ ಬಂದರೆ ಪ್ಯಾಡಿನ ಹಣದಲ್ಲಿ ಒಂದಷ್ಟು ಉಳಿಯುತ್ತದೆ. ಅದನ್ನು ಮುಂದಿನ ವರ್ಷದ ಪ್ಯಾಡಿಗೇ ಇಡುತ್ತೇವೆ, ಬೇರೆ ಯಾವುದಕ್ಕೂ ಮುಟ್ಟುವುದಿಲ್ಲ.

120 ರೂಪಾಯಿ ಕೊಟ್ಟರೂ ಅದು ಒಬ್ಬ ಹುಡುಗಿಯ ಒಂದು ವರ್ಷದ ಪ್ಯಾಡು. 3,000 ಕೊಟ್ಟವರು ಆಯಾ ಅವರ ಒಂದು ತಿಂಗಳು ನೋಡಿಕೊಂಡ ಹಾಗೆ. ಬೆಂಗಳೂರಿನಲ್ಲಿ, ದುಬೈಯಲ್ಲಿ, ಅಮೆರಿಕದಲ್ಲಿ ಇರುವ ನಮ್ಮ ಹಳೆ ವಿದ್ಯಾರ್ಥಿಗಳು ಬ್ಯಾಚಿನವರೆಲ್ಲ ಸೇರಿ ಟ್ಯಾಂಕು ಮತ್ತು ಬಾಗಿಲಿನ ಖರ್ಚು ವಹಿಸಿಕೊಂಡರೆ ತುಂಬಾ ಅನುಕೂಲ. ಹುಟ್ಟುಹಬ್ಬದ ಹೆಸರಿನಲ್ಲಿ, ತೀರಿಕೊಂಡ ತಾಯಿಯ ನೆನಪಿನಲ್ಲಿ ಕೊಡುವವರೂ ಕೊಡಬಹುದು. ಪೆಟ್ಟಿಗೆಯ ಮೇಲೆ ಮಾತ್ರ ಯಾರ ಹೆಸರನ್ನೂ ಬರೆಸುವುದಿಲ್ಲ, ದಯವಿಟ್ಟು ತಪ್ಪು ತಿಳಿಯಬೇಡಿ. ಪ್ಯಾಡ್ ತೆಗೆದುಕೊಳ್ಳುವ ಹುಡುಗಿಯರ ಫೋಟೊ ಕೂಡ ತೆಗೆಯುವುದಿಲ್ಲ, ಯಾರಿಗೂ ಕಳಿಸುವುದಿಲ್ಲ.

ಟ್ರಸ್ಟಿನ ಬ್ಯಾಂಕ್ ಖಾತೆಯ ವಿವರ ಮತ್ತು ಕ್ಯೂಆರ್ ಕೋಡ್ ಇರುವ ಚೀಟಿ ಈ ಮನವಿಯ ಜೊತೆಗಿದೆ. ಊರಿನಲ್ಲಿರುವವರು ಶಾಲೆಯ ಆಫೀಸಿನಲ್ಲಿ ನಗದು ಕೊಟ್ಟು ರಸೀದಿ ಪಡೆಯಬಹುದು. ಹಣ ಕೊಡಲು ಆಗದವರು ಗಾರೆ, ಪ್ಲಂಬಿಂಗ್ ಕೆಲಸಕ್ಕೆ ಒಂದು ದಿನ ಬಂದರೂ ಅದೂ ದೇಣಿಗೆಯೇ. ಬೇಸಿಗೆ ರಜೆಯಲ್ಲಿ ಟ್ಯಾಂಕು ಕೂರಿಸಿ, ಜೂನ್‌ನಲ್ಲಿ ಶಾಲೆ ಶುರುವಾಗುವ ದಿನವೇ ಪೆಟ್ಟಿಗೆ ಇಡಬೇಕು ಅಂತ ಇದ್ದೇವೆ. ಹಾಗಾಗಿ ಏಪ್ರಿಲ್ ಮುಗಿಯುವುದರೊಳಗೆ ನಿಮ್ಮ ದೇಣಿಗೆ ಬಂದರೆ ಒಳ್ಳೆಯದು. ಮೂರು ತಿಂಗಳಿಗೊಮ್ಮೆ ಬಂದ ಹಣ, ಖರ್ಚಾದ ಹಣ, ಬಿಲ್ಲುಗಳನ್ನು ಶಾಲೆಯ ನೋಟಿಸ್ ಬೋರ್ಡಿಗೆ ಹಾಕಿ, ನಿಮ್ಮ ವಾಟ್ಸಾಪಿಗೂ ಕಳಿಸುತ್ತೇವೆ.

ಹಳೆ ವಿದ್ಯಾರ್ಥಿಗಳ ಟ್ರಸ್ಟ್ ಪರವಾಗಿ,
ಕಾರ್ಯದರ್ಶಿ